ಅನುಮತಿ ಕೇಳದೆ ಹೊರಟ ಮಕ್ಕಳು



ಜೂನ್ ತಿಂಗಳು ಹತ್ತಿರ ಬಂತೆಂದರೆ ನಮ್ಮ ಬಳಗಕ್ಕೆ ಬರುವ ಮಿಂಚಂಚೆಗಳಲ್ಲಿ ಒಂದು ಪ್ರಶ್ನೆ ಖಾಯಂ. "ರಜೆಗೆ ಊರಿಗೆ ಹೊರಟಿದ್ದೇವೆ, ಬರುವಾಗ ಮಕ್ಕಳಿಗೆ ಯಾವ ಕನ್ನಡ ಪುಸ್ತಕ ತರೋಣ?" ಇಷ್ಟು ವರ್ಷ ನಾವು ಇದಕ್ಕೆ ಸೋಮಾರಿ ಉತ್ತರವನ್ನೇ ಕೊಡುತ್ತಾ ಬಂದಿದ್ದೇವೆಂದು ಒಪ್ಪಿಕೊಳ್ಳಬೇಕು. ಪಂಚತಂತ್ರ, ತೆನಾಲಿ ರಾಮಕೃಷ್ಣ, ಅಕ್ಬರ್-ಬೀರಬಲ್, ಒಂದೆರಡು ಮಹಾಪುರುಷರ ಜೀವನಚರಿತ್ರೆ. ಜನ ಪಾಪ ತಂದರು. ತೂಕ ನೋಡಿ ನೋಡಿ ಕಟ್ಟಿದ ಲಗೇಜಿನಲ್ಲಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಸಾರಿನ ಪುಡಿಗಳ ನಡುವೆ ಜಾಗ ಮಾಡಿ ತಂದರು. ಹಪ್ಪಳ ಖಾಲಿಯಾಯಿತು, ಉಪ್ಪಿನಕಾಯಿ ಬಾಟಲಿ ತೊಳೆದಿಟ್ಟದ್ದಾಯಿತು, ಪುಸ್ತಕ ಮಾತ್ರ ಶೋಕೇಸಿನಲ್ಲಿ ತಂದಿಟ್ಟ ಹಾಗೇ ಕೂತಿದೆ!

ಈ ಸಲ ಅಲ್ ಥುಮಾಮಾದ ತಾಯಿಯೊಬ್ಬರು ಬರೆದ ಪತ್ರ ಸ್ವಲ್ಪ ಬೇರೆ ಥರ ಇತ್ತು. ಮಗನಿಗೆ ಹನ್ನೊಂದು ವರ್ಷ. ಪರ್ಸಿ ಜ್ಯಾಕ್ಸನ್ ಎರಡು ದಿನದಲ್ಲಿ ಮುಗಿಸುತ್ತಾನೆ. ಊರಿನ ಅಜ್ಜಿಯ ಜೊತೆ ಫೋನಿನಲ್ಲಿ ಕನ್ನಡದಲ್ಲೇ ಮಾತು. ಅಕ್ಷರ ಗೊತ್ತು, ಒತ್ತಕ್ಷರ ಬಂದರೆ ಎಡವುತ್ತಾನೆ. "ಅವನಿಗೆ ನೀತಿಕತೆ ಬೇಡವಂತೆ. ಪುಸ್ತಕದಲ್ಲಿ ಏನಾದರೂ ನಡೀಬೇಕಂತೆ. ಅಂಥದ್ದು ಕನ್ನಡದಲ್ಲಿ ಇದೆಯಾ?" ಎಂದು ಕೇಳಿದ್ದರು.

ಏನಾದರೂ ನಡೀಬೇಕು! ಮಕ್ಕಳ ಸಾಹಿತ್ಯದ ಬಗ್ಗೆ ಇದಕ್ಕಿಂತ ಚೊಕ್ಕ ವಿಮರ್ಶಾ ವಾಕ್ಯವನ್ನು ನಾವು ಇತ್ತೀಚೆಗೆ ಓದಿಲ್ಲ. ಈ ಹುಡುಗನ ಬೇಡಿಕೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಒಂಬತ್ತರಿಂದ ಹದಿಮೂರರವರೆಗಿನ ಮಕ್ಕಳಿಗೆ ಕೊಡಬಹುದಾದ ಕೆಲವು ಪುಸ್ತಕಗಳ ಬಗ್ಗೆ ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ. ಬರೀ ಓದಿ ಬರೆಯುತ್ತಿಲ್ಲ. ಥುಮಾಮಾದ ಒಂದು ಮನೆಯ ಹಾಲ್‌ನಲ್ಲಿ ಶುಕ್ರವಾರ ಸಂಜೆ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿ ನೋಡಿ ಬರೆಯುತ್ತಿದ್ದೇವೆ. ಮಕ್ಕಳು ಆಕಳಿಸಿದರೆ ಅದೂ ಒಂದು ವಿಮರ್ಶೆಯೇ ತಾನೆ.

ಮೊದಲ ಶುಕ್ರವಾರ ನಾವು ಹೀನಾಯವಾಗಿ ಸೋತೆವು. ಬಹುಮಾನ ಪಡೆದ ಒಂದು ಮಕ್ಕಳ ಕಾದಂಬರಿ ತೆಗೆದುಕೊಂಡಿದ್ದೆವು. (ಹೆಸರು ಬೇಡ, ಲೇಖಕರು ಸಜ್ಜನರು.) ಹಳ್ಳಿಯ ಮೂವರು ಮಕ್ಕಳು, ಒಂದು ಬೆಟ್ಟ, ಒಂದು ಹಳೇ ಕೋಟೆ. ಆರಂಭ ಚೆನ್ನಾಗಿಯೇ ಇತ್ತು. ಆದರೆ ಮಕ್ಕಳು ಕೋಟೆಯ ಬಾಗಿಲಿಗೆ ಬಂದ ಕೂಡಲೇ ಅಲ್ಲೊಬ್ಬ ಮೇಷ್ಟ್ರು ಹಾಜರ್! ಕೋಟೆಯ ಇತಿಹಾಸ ಎರಡು ಪುಟ, ಸ್ವಚ್ಛತೆಯ ಮಹತ್ವ ಒಂದು ಪುಟ, ಹಿರಿಯರಿಗೆ ಹೇಳದೆ ಬಂದದ್ದು ತಪ್ಪೆಂಬ ಬುದ್ಧಿವಾದ ಅರ್ಧ ಪುಟ. ತಲೆಯೆತ್ತಿ ನೋಡಿದರೆ ಎದುರಿಗಿದ್ದ ಮಕ್ಕಳಲ್ಲಿ ಇಬ್ಬರು ಸೋಫಾದ ಹಿಂದೆ ಬಲೂನು ಆಡುತ್ತಿದ್ದರು. ಅವರನ್ನು ಗದರಿಸಲು ನಮಗೆ ಮನಸ್ಸಾಗಲಿಲ್ಲ. ಬಲೂನಿಗೆ ಏನಾಗುತ್ತದೋ ಎಂಬ ಕುತೂಹಲವಾದರೂ ಇತ್ತು, ಕಥೆಯಲ್ಲಿ ಅದೂ ಉಳಿದಿರಲಿಲ್ಲ.

ಆ ರಾತ್ರಿ ನಮ್ಮೊಳಗೆ ನಡೆದ ಚರ್ಚೆಯ ಸಾರ ಇಷ್ಟು. ಕನ್ನಡದಲ್ಲಿ ಮಕ್ಕಳಿಗಾಗಿ ಬರೆಯುವ ಬಹಳ ಜನ ಮಕ್ಕಳನ್ನು ಒಬ್ಬರನ್ನೇ ಬಿಡುವುದಿಲ್ಲ. ಹಿಂದೆಯೇ ಒಬ್ಬ ದೊಡ್ಡವರನ್ನು ಕಾವಲಿಗೆ ಕಳಿಸುತ್ತಾರೆ. ಸಾಹಸ ಎಂದು ಹೆಸರಿಟ್ಟು ಶಾಲಾ ಪ್ರವಾಸ ಮಾಡಿಸುತ್ತಾರೆ. ಸಾಹಸದ ಕಥೆಯ ಜೀವ ಇರುವುದು ಒಂದೇ ಕಡೆ: ಮಗು ಯಾರನ್ನೂ ಕೇಳದೆ ಹೊರಡಬೇಕು, ಮತ್ತು ಹೊರಟದ್ದರ ಫಲ ಏನೇ ಆಗಲಿ, ಅದನ್ನು ಮಗುವೇ ಅನುಭವಿಸಬೇಕು. ಜರ್ಮನಿಯ ಎರಿಶ್ ಕೆಸ್ಟ್ನರ್ ೧೯೨೯ರಲ್ಲಿ ಬರೆದ ಎಮಿಲ್ ಎಂಬ ಹುಡುಗನ ಪತ್ತೇದಾರಿ ಕಥೆ ಇವತ್ತಿಗೂ ಓಡುತ್ತಿರುವುದು, ರೈಲಿನಲ್ಲಿ ದುಡ್ಡು ಕಳಕೊಂಡ ಹುಡುಗ ಪೊಲೀಸರ ಹತ್ತಿರ ಹೋಗದೆ ಬರ್ಲಿನ್ನಿನ ಬೀದಿ ಮಕ್ಕಳ ಜೊತೆ ಸೇರಿ ಕಳ್ಳನ ಬೆನ್ನು ಹತ್ತುವುದರಿಂದ.

ಥುಮಾಮಾದಲ್ಲಿ ಕೂತು ಇದನ್ನು ಹೇಳುವುದಕ್ಕೆ ಬೇರೆ ಅರ್ಥವೂ ಇದೆ. ನಮ್ಮ ಮಕ್ಕಳು ಇರುವುದು ಹೇಗೆ? ಫ್ಲ್ಯಾಟು, ಲಿಫ್ಟು, ಶಾಲೆಯ ಬಸ್ಸು, ಮತ್ತೆ ಲಿಫ್ಟು, ಫ್ಲ್ಯಾಟು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹಗಲಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. ಗಹ್ಫಿಯಾ ಟೋಪಿಯ ಆಕಾರದಲ್ಲಿ ಕಟ್ಟಿ ೨೦೨೧ರಲ್ಲಿ ತೆರೆದ ಕ್ರೀಡಾಂಗಣ ಹತ್ತಿರದಲ್ಲೇ ಇದೆ, ಆದರೆ ಅಲ್ಲಿಗೂ ಅಪ್ಪನ ಕಾರಿನಲ್ಲೇ ಹೋಗಬೇಕು. ನಮ್ಮ ಓದಿನ ಗುಂಪಿನ ಹುಡುಗನೊಬ್ಬ, ಏಳನೇ ತರಗತಿ, ಒಮ್ಮೆ ಬೆರಳು ಮಡಚಿ ಲೆಕ್ಕ ಹಾಕಿ ಹೇಳಿದ: "ಅಂಕಲ್, ನಾನು ಒಬ್ಬನೇ ಹೋಗಿರೋದು ಕೆಳಗಿನ ಬಕಾಲಾಗೆ ಮಾತ್ರ. ಅದೂ ಅಮ್ಮ ಬಾಲ್ಕನಿಯಿಂದ ನೋಡ್ತಿರ್ತಾರೆ." ಅವನ ಅಪ್ಪ ಅದೇ ವಯಸ್ಸಿನಲ್ಲಿ ಕುಂದಾಪುರದ ಕಡೆ ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದವರು. ಅಪ್ಪ-ಮಗನ ನಡುವೆ ಇಂಥದೊಂದು ಅಂತರ ಬಿದ್ದಿರುವಾಗ ಮಗನ ಕೈಗೆ "ಹಿರಿಯರ ಮಾತು ಕೇಳು" ಎನ್ನುವ ಪುಸ್ತಕ ಕೊಟ್ಟು ಪ್ರಯೋಜನವೇನು? ಕೇಳುವುದು ಬಿಟ್ಟು ಅವನಿಗೆ ಬೇರೆ ದಾರಿಯೇ ಇಲ್ಲವಲ್ಲ.

ಹಾಗಾಗಿ ಎರಡನೇ ಶುಕ್ರವಾರ ನಾವು ಹಳಬನೊಬ್ಬನನ್ನು ಕರೆತಂದೆವು. ಆರ್. ಕೆ. ನಾರಾಯಣರ ಸ್ವಾಮಿ. ೧೯೩೫ರಲ್ಲಿ ಇಂಗ್ಲಿಷಿನಲ್ಲಿ ಬಂದ 'ಸ್ವಾಮಿ ಅಂಡ್ ಫ್ರೆಂಡ್ಸ್' ಕನ್ನಡಕ್ಕೂ ಬಂದಿದೆ. ನಮ್ಮ ಪೀಳಿಗೆಗೆ ಸ್ವಾಮಿ ಎಂದರೆ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ದೂರದರ್ಶನ ಧಾರಾವಾಹಿ, ಮಾಸ್ಟರ್ ಮಂಜುನಾಥನ ಮುಖ. ಮಕ್ಕಳಿಗೆ ಅದ್ಯಾವುದೂ ಗೊತ್ತಿಲ್ಲ, ಅದೇ ಒಳ್ಳೆಯದಾಯಿತು. ಅವರು ಕೇಳಿದ್ದು ಹೆಡ್‌ಮಾಸ್ತರರ ಬೆತ್ತಕ್ಕೆ ಹೆದರಿ ಶಾಲೆಯಿಂದ ಓಡುವ, ಊರು ಬಿಡುವ, ಕಾಡಿನ ದಾರಿಯಲ್ಲಿ ಕತ್ತಲಾಗಿ ಕಂಗಾಲಾಗುವ ಒಬ್ಬ ಹುಡುಗನ ಕಥೆ. ಕತ್ತಲಲ್ಲಿ ಸ್ವಾಮಿಗೆ ಏನೇನೋ ಪ್ರಾಣಿಗಳು ಕಂಡಂತಾಗುವ ಪುಟಗಳನ್ನು ಓದುವಾಗ ಹಾಲ್‌ನಲ್ಲಿ ಎಸಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ನಾರಾಯಣರನ್ನು 'ಮುಗ್ಧ ಹಾಸ್ಯದ ಲೇಖಕ' ಎಂದು ಪಕ್ಕಕ್ಕಿಡುವುದು ರೂಢಿ. ನಮಗೆ ಈ ಸಲ ಕಂಡದ್ದು ಬೇರೆ. ಎಂಥ ನಿಷ್ಠುರ ಬರವಣಿಗೆ ಅದು! ಸ್ವಾಮಿ ಸಿಕ್ಕಿದ, ಮನೆಗೆ ಬಂದ, ಎಲ್ಲ ಸರಿಹೋಯಿತು ಎನ್ನುವುದಿಲ್ಲ. ಅವನಿಲ್ಲದೆ ಕ್ರಿಕೆಟ್ ಪಂದ್ಯ ಸೋತುಹೋಗಿರುತ್ತದೆ. ಪ್ರಾಣಸ್ನೇಹಿತ ರಾಜಂ ಮಾತು ಬಿಡುತ್ತಾನೆ. ಕೊನೆಗೆ ರಾಜಂ ಊರೇ ಬಿಟ್ಟು ರೈಲು ಹತ್ತುವಾಗ ಸ್ವಾಮಿ ಅವನಿಗೆ ಕೊಡುವುದು ಒಂದು ಪುಸ್ತಕ, ಆಂಡರ್ಸನ್ನನ ಕಥೆಗಳು. ಸ್ನೇಹಿತ ಕ್ಷಮಿಸಿದನೋ ಇಲ್ಲವೋ, ಅದೂ ಪೂರ್ತಿ ತಿಳಿಯುವುದಿಲ್ಲ. ಓದಿ ಮುಗಿಸಿದಾಗ ಒಬ್ಬಳು ಹುಡುಗಿ ಮುಖ ದಪ್ಪ ಮಾಡಿಕೊಂಡು ಕೂತಿದ್ದಳು. ಅವಳ ಗೆಳತಿಯ ಕುಟುಂಬ ಹಿಂದಿನ ತಿಂಗಳಷ್ಟೇ ಕೆಲಸ ಮುಗಿಸಿ ಭಾರತಕ್ಕೆ ವಾಪಸಾಗಿತ್ತು. ಗಲ್ಫಿನ ಮಕ್ಕಳಿಗೆ ರಾಜಂನ ರೈಲು ಏನೆಂದು ವಿವರಿಸಬೇಕಾಗಿಲ್ಲ. ಪ್ರತಿ ವರ್ಷ ತರಗತಿಯಲ್ಲಿ ಒಂದಿಬ್ಬರು ಹೀಗೇ ಹೊರಟುಹೋಗುತ್ತಾರೆ.

ಇನ್ನೊಂದು ಪುಸ್ತಕ 'ತೊತ್ತೋ ಚಾನ್'. ಜಪಾನಿನ ತೆತ್ಸುಕೊ ಕುರೊಯಾನಾಗಿಯವರ ಬಾಲ್ಯದ ನೆನಪುಗಳು, ಮೂಲ ೧೯೮೧ರದ್ದು, ನ್ಯಾಶನಲ್ ಬುಕ್ ಟ್ರಸ್ಟ್‌ನಿಂದ ಕನ್ನಡದಲ್ಲಿ ಬಂದಿದೆ. ಕಟ್ಟುನಿಟ್ಟಾಗಿ ಹೇಳಿದರೆ ಇದು ಕಾದಂಬರಿಯಲ್ಲ. ದೊಡ್ಡವರು ಇದನ್ನು ಶಿಕ್ಷಣದ ಪುಸ್ತಕವೆಂದು ಹೊಗಳುತ್ತಾರೆ, ರೈಲು ಡಬ್ಬಿಗಳಲ್ಲಿ ನಡೆಯುವ ತೊಮೊಯೆ ಶಾಲೆಯ ಬಗ್ಗೆ ಭಾಷಣ ಮಾಡುತ್ತಾರೆ. ಮಕ್ಕಳಿಗೆ ಹಿಡಿಸುವುದು ಬೇರೆಯೇ. ಪೋಲಿಯೋದಿಂದ ಕೈಕಾಲು ಸ್ವಾಧೀನವಿಲ್ಲದ ಯಾಸುವಾಕಿ ಎಂಬ ಗೆಳೆಯನನ್ನು ತೊತ್ತೋ ಚಾನ್ ತನ್ನ ಮರಕ್ಕೆ ಹತ್ತಿಸುತ್ತಾಳಲ್ಲ, ಮನೆಯಲ್ಲಿ ಯಾರಿಗೂ ನಿಜ ಹೇಳದೆ, ಶಾಲೆಯಲ್ಲಿ ಯಾರೂ ಇಲ್ಲದಾಗ, ಏಣಿ ಎಳೆದು ತಂದು, ಬೆವರಿಳಿಸಿ? ಆ ಒಂದು ಅಧ್ಯಾಯಕ್ಕಾಗಿ ಪುಸ್ತಕ ಕೊಳ್ಳಬಹುದು. ಯಾವ ದೊಡ್ಡವರನ್ನು ಕೇಳಿದ್ದರೂ 'ಬೇಡ, ಬೀಳ್ತೀರಿ' ಎನ್ನುತ್ತಿದ್ದರು. ದೊಡ್ಡವರು ಹೇಳಬಹುದಾಗಿದ್ದ ಆ ಮಾತು ಸರಿಯೂ ಆಗಿರುತ್ತಿತ್ತು! ಸರಿಯಾದ ಮಾತನ್ನು ಮೀರಿದ್ದರಿಂದಲೇ ಒಬ್ಬ ಹುಡುಗ ಜೀವನದಲ್ಲಿ ಮೊದಲ ಸಲ ಮರದ ಮೇಲೆ ಕೂತು ಲೋಕ ನೋಡಿದ. ನಮ್ಮ ರಸ್ತೆಯ ಬದಿಯಲ್ಲಿ ಹನಿ ನೀರಾವರಿಯ ಪೈಪು ಸುತ್ತಿ ಬೆಳೆಸಿರುವ ಮರಗಳನ್ನು ನೋಡಿ ಗುಂಪಿನ ಚಿಕ್ಕವನೊಬ್ಬ "ಇದಕ್ಕೆ ಹತ್ತಿದ್ರೆ ಫೈನ್ ಹಾಕ್ತಾರಾ?" ಎಂದು ಕೇಳಿದ್ದು ಅದಾದ ಮೇಲೆ.

ಈಗ ಈ ಬರಹದ ಮುಖ್ಯ ಪುಸ್ತಕಕ್ಕೆ ಬರೋಣ. ನಮ್ಮ ಬಳಗದಲ್ಲೇ ಇದಕ್ಕೆ ವಿರೋಧವಿತ್ತು, ಈಗಲೂ ಇದೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ', ೧೯೮೦ರ ಕಾದಂಬರಿ. ಇದು ಮಕ್ಕಳ ಪುಸ್ತಕವಲ್ಲ ಎನ್ನುವುದು ಮೊದಲ ಆಕ್ಷೇಪ. ನಿಜ, ತೇಜಸ್ವಿ ಮಕ್ಕಳಿಗೆಂದು ಇದನ್ನು ಬರೆಯಲಿಲ್ಲ. ಅಂಗಡಿಯಲ್ಲಿ ಮಕ್ಕಳ ಕಪಾಟಿನಲ್ಲಿ ಇದು ಸಿಗುವುದೂ ಇಲ್ಲ. ಆದರೆ ಕನ್ನಡದಲ್ಲಿ ಹನ್ನೊಂದು-ಹನ್ನೆರಡು ವರ್ಷದವರಿಗೆ ಕೊಡಬಹುದಾದ ಅತ್ಯುತ್ತಮ ಸಾಹಸ ಕಾದಂಬರಿ ಯಾವುದು ಎಂದು ಕೇಳಿದರೆ ನಮ್ಮ ಉತ್ತರ ಇದೇ.

ಮೂಡಿಗೆರೆಯ ಕಡೆಯ ಒಬ್ಬ ಕೃಷಿಕ ಕಥೆ ಹೇಳುತ್ತಾನೆ. ಜೇನಿನಿಂದ ಶುರುವಾಗುವ ಮಾತು ಮಂದಣ್ಣನೆಂಬ ಹಳ್ಳಿಯ ಹುಡುಗನ ಕಡೆ ಹೊರಳುತ್ತದೆ. ಮಂದಣ್ಣ ಊರವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದವನು, ಮದುವೆಯ ಚಿಂತೆಯವನು. ಆದರೆ ಕರ್ವಾಲೋ ಎಂಬ ವಿಜ್ಞಾನಿಗೆ ಅವನೇ ಬೇಕು. ಯಾಕೆ ಬೇಕು ಎಂಬುದು ಬಹಳ ಹೊತ್ತು ನಿರೂಪಕನಿಗೂ ಅರ್ಥವಾಗುವುದಿಲ್ಲ, ನಮಗೂ ಅರ್ಥವಾಗುವುದಿಲ್ಲ. ಈ ಕಾಯಿಸುವಿಕೆ ನೋಡಿ, ಇದೇ ಪತ್ತೇದಾರಿ ಕಥೆಯ ಒಳ್ಳೆಯ ಗುಟ್ಟು. ಆಮೇಲೆ ತಿಳಿಯುತ್ತದೆ, ಪಶ್ಚಿಮ ಘಟ್ಟದ ಕಾಡಿನಲ್ಲಿ ಮಂದಣ್ಣ ಒಂದು ಹಾರುವ ಓತಿಯನ್ನು ನೋಡಿದ್ದಾನೆ. ಹೊರಡುತ್ತದೆ ದಂಡು! ವಿಜ್ಞಾನಿ, ರೈತ, ಫೋಟೋ ತೆಗೆಯುವ ಪ್ರಭಾಕರ, ಅಡಿಗೆಗೂ ಮರ ಹತ್ತುವುದಕ್ಕೂ ಬಿರಿಯಾನಿ ಕರಿಯಪ್ಪ, ಜೊತೆಗೆ ಕಿವಿ ಎಂಬ ನಾಯಿ. ಬಿರಿಯಾನಿ ಕರಿಯಪ್ಪನ ಹೆಸರು ಕೇಳಿದ ಕೂಡಲೇ ನಮ್ಮ ಮಕ್ಕಳಿಗೆ ಅವನು ಚಿರಪರಿಚಿತನಾಗಿಬಿಟ್ಟ. ದೋಹಾದಲ್ಲಿ ಬಿರಿಯಾನಿಗೆ ಟಿಪ್ಪಣಿ ಬೇಕೆ?

ಮೂರನೇ ವಾರ ಆರನೇ ತರಗತಿಯ ಹುಡುಗಿಯೊಬ್ಬಳು ಪುಸ್ತಕದ ನಡುವೆ ನಮ್ಮನ್ನು ನಿಲ್ಲಿಸಿ ಕೇಳಿದಳು: "ಆಂಟಿ, ಇದರಲ್ಲಿ ಹೀರೋ ಯಾರು? ಸೈಂಟಿಸ್ಟಾ, ಜೇನು ತೆಗೆಯೋನಾ?"

ಆ ಪ್ರಶ್ನೆಗೆ ನಾವು ತಕ್ಷಣ ಉತ್ತರ ಕೊಡಲಿಲ್ಲ. ಕರ್ವಾಲೋ ಕುರಿತ ಎಷ್ಟೋ ವಿಮರ್ಶೆಗಳು ಸುತ್ತಿ ಬಳಸಿ ಬರುವುದು ಇಲ್ಲಿಗೇ. ದೊಡ್ಡ ದೊಡ್ಡ ಪುಸ್ತಕ ಓದಿದವನ ಕಣ್ಣಿಗೆ ಬೀಳದ್ದು ಮಂದಣ್ಣನ ಕಣ್ಣಿಗೆ ಬೀಳುತ್ತದೆ. ಅದನ್ನು ಗುರುತಿಸುವ ದೊಡ್ಡತನ ವಿಜ್ಞಾನಿಗಿದೆ. ಪರೀಕ್ಷೆಯ ಅಂಕಗಳ ಮೇಲೆ ತೂಗಲ್ಪಡುವ ನಮ್ಮ ಮಕ್ಕಳಿಗೆ ಇದನ್ನು ಯಾರೂ ಬೋಧಿಸಬೇಕಾಗಿಲ್ಲ, ತೇಜಸ್ವಿ ಬೋಧಿಸುವುದೂ ಇಲ್ಲ. ಮಂದಣ್ಣ ಸುಮ್ಮನೆ ಮುಂದೆ ನಡೆಯುತ್ತಾನೆ, ಉಳಿದವರು ಹಿಂದೆ. ಇನ್ನು ಮುಗಿತಾಯದ ಗುಟ್ಟು ಬಿಟ್ಟುಕೊಡುವುದಿಲ್ಲ. ನಿಧಿ ಸಿಕ್ಕಿತು, ಚಪ್ಪಾಳೆ ಬಿತ್ತು ಎನ್ನುವ ಜಾತಿಯದಲ್ಲ ಎಂದಷ್ಟೇ ಹೇಳುತ್ತೇವೆ. ಓದಿ ಮುಗಿಸಿದ ದಿನ ಹಾಲ್‌ನಲ್ಲಿ ಜಗಳವೇ ಆಯಿತು. "ಇಷ್ಟೆಲ್ಲಾ ಕಷ್ಟಪಟ್ಟು ಹೀಗಾ?" ಎಂದು ಅರ್ಧ ಜನ, "ಹೀಗೇ ಆಗ್ಬೇಕಿತ್ತು" ಎಂದು ಉಳಿದರ್ಧ. ಬಲೂನಿನ ಇಬ್ಬರು ಈ ಸಲ ಜಗಳದ ಮುಂಚೂಣಿಯಲ್ಲಿದ್ದರು.

ಹಾರುವ ಓತಿ ಕಟ್ಟುಕತೆಯ ಪ್ರಾಣಿಯೇನೂ ಅಲ್ಲ. ಪಶ್ಚಿಮ ಘಟ್ಟದ ಕಾಡು, ಅಡಿಕೆ ತೋಟಗಳಲ್ಲಿ ಡ್ರಾಕೋ ಎಂಬ ಕುಲದ ಓತಿ ಇಂದಿಗೂ ಇದೆ. ಪಕ್ಕೆಲುಬುಗಳ ಆಧಾರದ ಮೇಲೆ ಚರ್ಮದ ರೆಕ್ಕೆ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿಹೋಗುತ್ತದೆ. ಕಾದಂಬರಿಯಲ್ಲಿ ಹುಡುಕುವುದು ಇದಕ್ಕಿಂತ ಬಹಳ ಹಳೆಯ ಜೀವಿಯನ್ನು. ಊರಿಗೆ ಹೋದಾಗ ಅಜ್ಜನ ತೋಟದಲ್ಲಿ ನೋಡಿ ಬರುತ್ತೇನೆಂದು ಪುತ್ತೂರಿನ ಕಡೆಯ ಒಬ್ಬ ಹುಡುಗ ಹಟ ಹಿಡಿದಿದ್ದಾನೆ. ಪ್ರತಿ ವರ್ಷ ಊರು ಎಂದರೆ ಮೂತಿ ಉದ್ದ ಮಾಡುತ್ತಿದ್ದವನು, ವೈಫೈ ಇಲ್ಲ, ಸೊಳ್ಳೆ ಇದೆ ಎಂದು!

ಇನ್ನು ಎರಡನೇ ಆಕ್ಷೇಪ, ಹೆಚ್ಚು ಗಂಭೀರವಾದದ್ದು. ಕರ್ವಾಲೋದಲ್ಲಿ ಕಳ್ಳಭಟ್ಟಿ ಬರುತ್ತದೆ, ಪೊಲೀಸ್ ಕೇಸು ಬರುತ್ತದೆ, ಒರಟು ಮಾತು ಬರುತ್ತದೆ. ಮಕ್ಕಳ ಮುಂದೆ ಇದನ್ನೆಲ್ಲ ಓದಬಹುದೇ ಎಂದು ಇಬ್ಬರು ತಂದೆಯರು ಕೇಳಿದರು. ನಾವು ಯೋಚಿಸಿಯೇ ಉತ್ತರಿಸಿದ್ದೇವೆ. ಒಂಬತ್ತು ವರ್ಷದವರಿಗೆ ಬೇಡ, ಹನ್ನೊಂದು ದಾಟಿದವರಿಗೆ ದೊಡ್ಡವರ ಜೊತೆ ಕೂತು ಓದಲು ಅಡ್ಡಿಯಿಲ್ಲ. ಒಂದೆರಡು ಕಡೆ ಓದುವವರು ತಾವೇ ಜಾಣತನದಿಂದ ದಾಟಿಕೊಂಡು ಹೋಗಬಹುದು. ನಾವೂ ದಾಟಿದ್ದೇವೆ, ಸುಳ್ಳು ಹೇಳುವುದಿಲ್ಲ. ಆದರೆ ಅದೇ ಮಕ್ಕಳು ಇಂಗ್ಲಿಷಿನಲ್ಲಿ ಸಾಲು ಸಾಲು ಕೊಲೆ, ಯುದ್ಧ, ಮಾಟಮಂತ್ರ ಓದುವಾಗ ಸುಮ್ಮನಿರುವ ನಾವು, ಕನ್ನಡ ಪುಸ್ತಕ ಮಾತ್ರ ದೇವರ ಕೋಣೆಯಷ್ಟು ಮಡಿಯಾಗಿರಬೇಕೆಂದು ಬಯಸುವುದು ಯಾವ ನ್ಯಾಯ? ಹಾಗೆ ಮಡಿ ಮಾಡಿ ಮಾಡಿಯೇ ಕನ್ನಡವನ್ನು ಮಕ್ಕಳ ಪಾಲಿಗೆ ಹಬ್ಬದ ದಿನದ ರೇಷ್ಮೆ ಲಂಗ ಮಾಡಿಟ್ಟಿದ್ದೇವೆ. ಚೆಂದವೇನೋ ಚೆಂದ, ಹಾಕಿಕೊಂಡು ಆಡುವ ಹಾಗಿಲ್ಲ.

ಭಾಷೆಯ ತೊಡಕೂ ಇದೆ. ನಮ್ಮ ಹಲವು ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ. ಕೆಲವು ಮನೆಗಳಲ್ಲಿ ಹುಬ್ಬಳ್ಳಿ ಕಡೆಯ ಕನ್ನಡ. ಮೂಡಿಗೆರೆಯ ಮಾತಿನ ವರಸೆ ಎಲ್ಲರಿಗೂ ಹೊಸತು. ಮೊದಲೆರಡು ವಾರ ತಡವರಿಸಿದೆವು. ಆಮೇಲೆ ಮಕ್ಕಳು ಅದನ್ನೇ ಅಣಕಿಸಿ ಆಡತೊಡಗಿದರು. ಭಾಷೆ ಒಳಗಿಳಿಯುವುದಕ್ಕೆ ಅಣಕಕ್ಕಿಂತ ಒಳ್ಳೆಯ ದಾರಿ ಇದ್ದಂತಿಲ್ಲ.

ತೇಜಸ್ವಿಯವರದೇ 'ಕಾಡಿನ ಕತೆಗಳು' ಇನ್ನೂ ಸುಲಭದ ಪ್ರವೇಶದ್ವಾರ. ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರ ಕೆನೆತ್ ಆಂಡರ್ಸನ್ (೧೯೧೦-೧೯೭೪) ಬರೆದ ನರಭಕ್ಷಕಗಳ ಕಥೆಗಳ ಭಾವಾನುವಾದ ಇದು. 'ಬೆಳ್ಳಂದೂರಿನ ನರಭಕ್ಷಕ', 'ಪೆದ್ದಚೆರುವಿನ ರಾಕ್ಷಸ', 'ಜಾಲಹಳ್ಳಿಯ ಕುರ್ಕ', 'ಮುನಿಶಾಮಿ ಮತ್ತು ಮಾಗಡಿ ಚಿರತೆ' ಎಂದು ನಾಲ್ಕು ಸಂಪುಟ. ಒಂದೊಂದು ಕಥೆ ಒಂದು ಸಂಜೆಗೆ ಸರಿ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಚಿರತೆ ಓಡಾಡುತ್ತಿತ್ತು ಎಂಬುದನ್ನೇ ಚಿಕ್ಕಪ್ಪನ ಅಪಾರ್ಟ್‌ಮೆಂಟು ಅಲ್ಲಿರುವ ಹುಡುಗ ನಂಬಲು ಸಿದ್ಧನಿರಲಿಲ್ಲ. ಆದರೆ ಇಲ್ಲಿ ನಾವು ನಿರೀಕ್ಷಿಸದ ಕಡೆಯಿಂದ ತಕರಾರು ಬಂತು. "ಟೈಗರ್ ಎಂಡೇಂಜರ್ಡ್ ಅಲ್ವಾ ಆಂಟಿ, ಯಾಕೆ ಶೂಟ್ ಮಾಡ್ತಾರೆ?" ಮನುಷ್ಯರನ್ನು ತಿನ್ನಲು ಹಿಡಿದದ್ದನ್ನು ಮಾತ್ರ ಎಂದು ಹೇಳಿದೆವು. ಹುಲಿ ಯೋಜನೆ ಶುರುವಾದದ್ದೇ ೧೯೭೩ರಲ್ಲಿ, ಬಂಡೀಪುರವೂ ಮೊದಲ ಪಟ್ಟಿಯಲ್ಲಿತ್ತು, ಆಂಡರ್ಸನ್ನನ ಕಾಲ ಅದಕ್ಕೆ ಹಿಂದಿನದು ಎಂದೂ ಹೇಳಿದೆವು. ಅರ್ಧ ಒಪ್ಪಿದರು. ಈ ಕಥೆಗಳ ನಿಜವಾದ ಕೊರತೆ ನಮ್ಮ ಮಟ್ಟಿಗೆ ಬೇರೆ. ಇಲ್ಲಿ ಮಕ್ಕಳೇ ಇಲ್ಲ. ಕೋವಿ ಹಿಡಿದ ದೊಡ್ಡವನೊಬ್ಬ, ಅವನ ಸುತ್ತ ಹೆದರಿದ ಹಳ್ಳಿಗರು. ಮೂರ್ನಾಲ್ಕು ಕಥೆಯಾದ ಮೇಲೆ ಅಚ್ಚು ಒಂದೇ ಎನಿಸುತ್ತದೆ. ಹಾಗಾಗಿ ನಾಲ್ಕೂ ಸಂಪುಟ ಒಟ್ಟಿಗೆ ತರಬೇಡಿ, ಒಂದು ತನ್ನಿ.

ಮಕ್ಕಳಿಗೆಂದೇ ಬರೆದ ಕಾದಂಬರಿಗಳಲ್ಲಿ ಮೊದಲು ನೆನೆಯಬೇಕಾದದ್ದು ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು'. ೨೦೧೧ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕೃತಿ. ಡಿಸೋಜರು ೨೦೨೫ರ ಜನವರಿಯಲ್ಲಿ ತೀರಿಕೊಂಡರು. ಸಾಗರದವರು, ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದು ಶರಾವತಿ ಕಣಿವೆ ಮುಳುಗಿದ್ದನ್ನು ಹತ್ತಿರದಿಂದ ಕಂಡವರು, ಅದನ್ನೇ ಜೀವಮಾನವಿಡೀ ಬರೆದವರು. 'ದ್ವೀಪ' ದೊಡ್ಡವರಿಗಾದರೆ ಇದು ಮಕ್ಕಳಿಗೆ. ಓದಿಸುವ ಮೊದಲು ಮಕ್ಕಳಿಗೆ ಒಂದು ಸಂಗತಿ ಹೇಳಿ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮುಳುಗಿದ್ದು ಹಳ್ಳಿಗಳು, ಗದ್ದೆಗಳು ಮಾತ್ರವಲ್ಲ. ಅದಕ್ಕಿಂತ ಹಳೆಯ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಆ ಹಳೇ ಕಟ್ಟು ಮತ್ತೆ ಮೇಲೆ ಕಾಣಿಸಿಕೊಳ್ಳುತ್ತದೆ. ಅಣೆಕಟ್ಟಿನೊಳಗೊಂದು ಅಣೆಕಟ್ಟು! ಇದನ್ನು ಹೇಳಿ ಮುಗಿಸುವ ಮೊದಲೇ ಪುಸ್ತಕ ನಮ್ಮ ಕೈಯಿಂದ ಹೋಗಿತ್ತು. ಡಿಸೋಜರ ಗದ್ಯ ತೇಜಸ್ವಿಯವರಷ್ಟು ಚುರುಕಲ್ಲ, ನಿಧಾನದ್ದು. ಆದರೆ ಮನೆ ಎಂದುಕೊಂಡದ್ದು ಒಂದು ದಿನ ಮನೆಯಾಗಿ ಉಳಿಯುವುದಿಲ್ಲ ಎಂಬ ಮಾತನ್ನು ಮಕ್ಕಳ ಮುಂದೆ ಇಡಲು ಅವರು ಹೆದರಲಿಲ್ಲ. ಪರಊರಿನಲ್ಲಿ ಬೆಳೆಯುವ ಮಕ್ಕಳಿಗೆ ಅದು ತಟ್ಟದೆ ಇರುತ್ತದೆಯೇ?

ಅದೇ ಪುರಸ್ಕಾರ ೨೦೨೧ರಲ್ಲಿ ಬಸ್ಸು, ಕಾರು ಬಿಟ್ಟು ಕಾಲಿಗೆ ಬುದ್ಧಿ ಹೇಳಿದಂತಿರುವ ಹೆಸರಿನ ಪುಸ್ತಕಕ್ಕೆ ಬಂತು: ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ'. ೨೦೨೨ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', ೨೦೨೩ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ಮೂರು ವರ್ಷ ಸತತವಾಗಿ ಕಾದಂಬರಿಗಳಿಗೇ ಬಂದದ್ದು ನಮಗೆ ಖುಷಿಯ ವಿಷಯ. ಹೆಸರುಗಳನ್ನು ನೋಡಿ. ಓಡಿಹೋಗುವುದು, ಗುಹೆ, ಗೇಟು. ಮೂರೂ ಮನೆಯಿಂದ ಹೊರಗೆ ಕರೆಯುವ ಹೆಸರುಗಳೇ. ಈ ಮೂರೂ ನಮ್ಮ ಈ ರಜೆಯ ಸೂಟ್‌ಕೇಸಿನ ಪಟ್ಟಿಯಲ್ಲಿವೆ. ಮಕ್ಕಳ ಮುಂದೆ ಓದಿದ ಮೇಲಷ್ಟೇ ತೀರ್ಪು, ಅಲ್ಲಿಯವರೆಗೆ ಇವು ಶಿಫಾರಸಲ್ಲ, ಆಸೆ. 'ಜುಗಾರಿ ಕ್ರಾಸ್' ಬಗ್ಗೆಯೂ ಕೆಲವರು ಕೇಳಿದ್ದಾರೆ. ಒಂದು ಹಗಲು-ರಾತ್ರಿಯೊಳಗೆ ಮುಗಿದುಹೋಗುವ, ಉಸಿರು ಬಿಡಲು ಪುರಸೊತ್ತು ಕೊಡದ ಕಥೆ ಎನ್ನುವುದು ನಿಜ. ಅದರ ಕಳ್ಳಸಾಗಣೆ, ಕೊಲೆಗಡುಕರ ಲೋಕ ಹದಿನಾಲ್ಕರ ಮೇಲಿನವರಿಗಿರಲಿ.

ಕೊನೆಯದಾಗಿ ಒಂದು ಮಾತು, ಇದರಲ್ಲಿ ಸ್ವಲ್ಪ ಕಳವಳವೂ ಇದೆ. ನಾವು ಅಮೆರಿಕದ ಕನ್ನಡಿಗರಂತಲ್ಲ. ಅಲ್ಲಿ ಮಕ್ಕಳಿಗೆ ಕನ್ನಡ ಎಂದರೆ ಅಪ್ಪ-ಅಮ್ಮನ ನೆನಪು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಇವತ್ತಲ್ಲ ನಾಳೆ, ಅಪ್ಪನ ಕೆಲಸ ಮುಗಿದ ದಿನ, ಊರಿಗೆ ವಾಪಸಾಗುವವರು. ಎಂಟನೇ ತರಗತಿಯ ನಡುವೆ ಮಂಗಳೂರಿಗೋ ಮೈಸೂರಿಗೋ ಹೋಗಿ ಕೂರುವವರು. ಶಾಲೆಗಳಲ್ಲಿ ಕನ್ನಡ ಕಲಿಸಲೇಬೇಕೆಂದು ಕರ್ನಾಟಕದಲ್ಲಿ ೨೦೧೫ರಲ್ಲೇ ಕಾಯ್ದೆಯಾಗಿದೆ, ಅದರ ಜಾರಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಆ ವ್ಯಾಜ್ಯ ಹಾಗಿರಲಿ. ಹೋದ ವರ್ಷ ಹಾಗೆ ವಾಪಸಾದ ನಮ್ಮ ಗುಂಪಿನ ಒಬ್ಬ ಹುಡುಗ ಅಲ್ಲಿನ ತರಗತಿಯಲ್ಲಿ ಕನ್ನಡ ಪಾಠ ಓದಲು ಎದ್ದು ನಿಂತು, ಮೂರನೇ ಸಾಲಿಗೆ ಅಳು ಬಂದು ಕೂತನಂತೆ. ಮಾತಾಡಲು ಚೆನ್ನಾಗಿಯೇ ಬರುತ್ತಿತ್ತು ಅವನಿಗೆ. ಅವನಿದ್ದಾಗ ನಮ್ಮ ಶುಕ್ರವಾರದ ಓದು ಇನ್ನೂ ಶುರುವಾಗಿರಲಿಲ್ಲ. ಅವನ ಮನೆಯ ಶೋಕೇಸಿನಲ್ಲಿ ನಾವೇ ಹೇಳಿ ತರಿಸಿದ ತೆನಾಲಿ ರಾಮಕೃಷ್ಣ ಇತ್ತು.

ಓದುವ ಕ್ರಮದ ಬಗ್ಗೆ ಕೇಳಿದವರಿಗೆ: ಒಂದು ಪುಟ ನೀವು ಓದಿ, ಒಂದು ಪ್ಯಾರಾ ಮಗು ಓದಲಿ. ತಪ್ಪು ಓದಿದರೆ ತಿದ್ದಬೇಡಿ, ಕಥೆ ಕೆಟ್ಟರೆ ಅವರೇ ತಿರುಗಿ ಓದುತ್ತಾರೆ. ಒತ್ತಕ್ಷರ ತೀರಾ ಕಷ್ಟವಾದವರಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಪುಕ್ಕಟೆ ಸಿಗುವ ಚಿತ್ರಪುಸ್ತಕಗಳು ಕೈ ಪಳಗಿಸಲು ಸಾಕು, ಆದರೆ ಅಲ್ಲೇ ನಿಲ್ಲಬೇಡಿ. ರೋಚಕ ಜಾಗಕ್ಕೆ ಬಂದಾಗ ಊಟಕ್ಕೆ ಏಳಿ. ಪುಸ್ತಕ ಅಲ್ಲೇ ಬಿಟ್ಟು ಏಳಿ.

ಪತ್ರ ಬರೆದ ಥುಮಾಮಾದ ತಾಯಿಗೆ ನಮ್ಮ ಬಳಗದ ಕರ್ವಾಲೋ ಪ್ರತಿಯನ್ನು ಕಳುಹಿಸಿದ್ದೇವೆ. ಬಿರಿಯಾನಿ ಕರಿಯಪ್ಪನ ಪುಟದಲ್ಲಿ ಎಣ್ಣೆ ಕಲೆ ಇದೆ, ಬೇಸರಿಸಬಾರದು. ಮುಂದಿನ ಶುಕ್ರವಾರ ಮಗ್ರಿಬ್ ಬಾಂಗ್ ಆದ ಮೇಲೆ ಅದೇ ಮನೆಯಲ್ಲಿ ಡಿಸೋಜರ ಓದು ಮುಂದುವರಿಯುತ್ತದೆ. ಊರಿಗೆ ಹೊರಟವರಲ್ಲಿ ಎರಡು ಕಿಲೋ ಜಾಗ ಬಿಟ್ಟುಕೊಡಬಲ್ಲವರು ಈ ಮಿಂಚಂಚೆಗೇ ಉತ್ತರಿಸಿ, ಪಟ್ಟಿ ಕಳಿಸುತ್ತೇವೆ. ಹಪ್ಪಳ ಸ್ವಲ್ಪ ಕಡಿಮೆ ತನ್ನಿ.